ಸರ್ಟಿಫಿಕೇಟು ಕೊಡದ ಕಾಲೇಜು

ಡೆನ್ಮಾರ್ಕಿನಿಂದ ಬಂದ ಮೇಲೆ ಕಂಡವರೆಲ್ಲ ನನ್ನನ್ನು ಮೂರೇ ಪ್ರಶ್ನೆ ಕೇಳಿದ್ದಾರೆ. ಅಲ್ಲಿ ಹಿಮ ಬೀಳುತ್ತದಂತೆ, ನಿಜವೇ? ಊಟಕ್ಕೆ ಏನು ಮಾಡಿದಿರಿ? ಸರ್ಟಿಫಿಕೇಟು ಎಲ್ಲಿ? ಮೊದಲನೆಯದಕ್ಕೆ ಉತ್ತರ, ಹೌದು. ಎರಡನೆಯದಕ್ಕೆ, ಕೊಟ್ಟಿದ್ದನ್ನು ತಿಂದೆ. ಮೂರನೆಯದಕ್ಕೆ ಒಂದು ಮಾತಿನಲ್ಲಿ ಉತ್ತರ ಹೇಳಲು ಬಾರದು. ಅದಕ್ಕಾಗಿಯೇ ಇಷ್ಟುದ್ದ ಬರೆಯಬೇಕಾಗಿ ಬಂದಿದೆ.

ನಾನು ಚಿಕ್ಕಬಳ್ಳಾಪುರದಿಂದ ಪೆರೇಸಂದ್ರಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ಜನತಾ ಕಾಲೇಜಿನಲ್ಲಿ ಬೋಧಕ. ಕಾಲೇಜು ಎಂದ ಕೂಡಲೇ ಬಿ.ಎ. ಕೊಡುವ ಕಾಲೇಜು ಎಂದುಕೊಳ್ಳಬೇಡಿ. ಹಳ್ಳಿಯ ಯುವಕರು ಬಂದು ಐದಾರು ತಿಂಗಳಿದ್ದು, ಬೇಸಾಯ, ಸಹಕಾರ ಸಂಘ, ಆರೋಗ್ಯ, ಒಂದಿಷ್ಟು ಚರಿತ್ರೆ ಕಲಿತು ಮತ್ತೆ ತಮ್ಮ ಊರಿಗೇ ಹೋಗಲಿ ಎಂದು ತೆರೆದದ್ದು. ಎರಡು ಹೆಂಚಿನ ಕಟ್ಟಡ, ಒಂದು ಬಾವಿ, ಒಂದಿಷ್ಟು ಹೊಲ, ಅಷ್ಟೇ ನಮ್ಮ ಆಸ್ತಿ. ಇಂಥ ಕಾಲೇಜುಗಳನ್ನು ನಮಗಿಂತ ಬಹಳ ಮೊದಲೇ ಕಟ್ಟಿದವರು ಡೆನ್ಮಾರ್ಕಿನ ರೈತರು. ಹಾಗಾಗಿ ನಮ್ಮಲ್ಲಿ ಒಬ್ಬ ನೌಕರ ಅಲ್ಲಿಗೆ ಹೋಗಿ ತರಬೇತಿ ಪಡೆದು ಬರಲಿ ಎಂದು ಮೇಲಿನಿಂದ ಕಾಗದ ಬಂತು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ ಅದು.

ಮೊದಲು ಆಯ್ಕೆಯಾದವರು ವಾರ್ಡನ್ನರು. ಸಮುದ್ರ ದಾಟುವ ಮಾತೆತ್ತಿದ ಕೂಡಲೇ ಅವರ ತಾಯಿ ಊಟ ಬಿಟ್ಟರು. ಇನ್ನೊಬ್ಬ ಬೋಧಕರ ಹೆಂಡತಿಗೆ ದಿನ ತುಂಬಿತ್ತು. ಉಳಿದವನು ನಾನು. ದಸರಾ ನೋಡಲು ಮೈಸೂರಿಗೂ ಹೋಗದವನು ಡೆನ್ಮಾರ್ಕಿಗೆ ಹೊರಟೆ. ಆದೇಶದ ಕೊನೆಯಲ್ಲಿ ಒಂದು ಸಾಲಿತ್ತು. ತರಬೇತಿಯನ್ನು ಯಶಸ್ವಿಯಾಗಿ ಮುಗಿಸಿದ ಬಗ್ಗೆ ಪ್ರಮಾಣಪತ್ರ ಹಾಜರುಪಡಿಸಿದಲ್ಲಿ ಇವರ ಸೇವೆಯನ್ನು ಕಾಯಂಗೊಳಿಸಲಾಗುವುದು. ಎಂಟು ವರ್ಷದಿಂದ ನಾನು ತಾತ್ಕಾಲಿಕ ನೌಕರ. ಪ್ರತಿ ಮಾರ್ಚಿ ತಿಂಗಳು ಬಂತೆಂದರೆ ಏಪ್ರಿಲಿಗೆ ಕೆಲಸ ಉಂಟೋ ಇಲ್ಲವೋ ಎಂದು ಎದೆ ಡವಡವ ಎನ್ನುತ್ತಿತ್ತು. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಗೌರಿಬಿದನೂರು ಸ್ಟೇಷನ್ನು

ನಮ್ಮ ಊರು ಕುಡುಮಲಕುಂಟೆಯ ಹತ್ತಿರ. ಗುಂತಕಲ್ಲಿಗೆ ಹೋಗಿ ಬೊಂಬಾಯಿ ಗಾಡಿ ಹಿಡಿಯಬೇಕಾದ್ದರಿಂದ ಗೌರಿಬಿದನೂರಿನಲ್ಲೇ ರೈಲು ಹತ್ತಿದೆ. ಕಳಿಸಿಕೊಡಲು ಮೂರು ಎತ್ತಿನ ಗಾಡಿ ಜನ ಬಂದಿದ್ದರು. ಅವ್ವ ಒಂದು ಡಬ್ಬಿ ರಾಗಿ ಹುರಿಹಿಟ್ಟು ಕೈಗಿಟ್ಟಳು. ಅಪ್ಪ ಜೀವಮಾನದಲ್ಲಿ ಸಮುದ್ರ ಕಂಡವರಲ್ಲ, ಆದರೂ ಬುದ್ಧಿ ಹೇಳುವುದನ್ನು ಬಿಡಲಿಲ್ಲ.

"ನೀರಿನ್ ಕಡೆ ಜಾಸ್ತಿ ನೋಡ್ಬೇಡ ಕಣಪ್ಪ. ತಲೆ ಸುತ್ತುತ್ತಂತೆ."

ನನ್ನ ಹೆಂಡತಿ ಚಿಂತಾಮಣಿ ಕಡೆಯವಳು. ಸಿಟ್ಟು ಬಂದರೆ ತೆಲುಗು, ಅಳು ಬಂದರೆ ತೆಲುಗು. ಆ ದಿನ ಎರಡೂ ಬಂದಿರಲಿಲ್ಲವೋ, ಎರಡನ್ನೂ ತಡೆದುಕೊಂಡಿದ್ದಳೋ, ಕನ್ನಡದಲ್ಲೇ ಹೇಳಿದಳು.

"ಅಲ್ಲೇನ್ ಕಲೀತೀರೋ ಬಿಡ್ತೀರೋ ನಂಗೊತ್ತಿಲ್ಲ. ಆ ಕಾಗ್ದ ಒಂದನ್ನ ತಗೊಂಡ್ ಬಂದ್ಬಿಡಿ. ಮಾರ್ಚಿ ಬಂದಾಗೆಲ್ಲ ನಿಮ್ ಮುಖ ನೋಡಿ ನೋಡಿ ನಂಗೆ ಸಾಕಾಗೋಗಿದೆ."

ತರುತ್ತೇನೆ ಎಂದೆ. ತರದೆ ಇರಲು ಸಾಧ್ಯ ಎಂಬ ಯೋಚನೆಯೇ ಆಗ ಇರಲಿಲ್ಲ. ಕಾಲೇಜಿಗೆ ಹೋದವನಿಗೆ ಸರ್ಟಿಫಿಕೇಟು ಕೊಡುತ್ತಾರೆ, ಫೇಲಾಗದಿದ್ದರೆ ಸಾಕು. ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ಫೇಲಾಗಿದ್ದ ನನಗೆ ಇದ್ದ ಹೆದರಿಕೆ ಅದೊಂದೇ.

ಹಡಗಿನೊಳಗೆ ರೈಲು

ಅಪ್ಪ ಹೇಳಿದ್ದು ನಿಜವಾಯಿತು. ಹಡಗಿನಲ್ಲಿ ಮೊದಲ ನಾಲ್ಕು ದಿನ ನಾನು ಮಲಗಿದ್ದಲ್ಲಿಂದ ಏಳಲಿಲ್ಲ. ಇಟಲಿಯಲ್ಲಿ ಇಳಿದಾಗ ನೆಲವೂ ಎರಡು ದಿನ ತೂಗಿತು. ಅಲ್ಲಿಂದ ರೈಲು. ಒಂದು ಗಡಿಯಲ್ಲಿ ಸುಂಕದ ಅಧಿಕಾರಿಯೊಬ್ಬ ನನ್ನ ಟ್ರಂಕು ತೆಗೆಸಿ ಹುರಿಹಿಟ್ಟಿನ ಡಬ್ಬಿಯನ್ನು ಮೂಸಿ, ಬೆರಳಲ್ಲಿ ಮುಟ್ಟಿ, ನನ್ನ ಮುಖ ನೋಡಿದ. ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನೂ ಹಾಕಿಕೊಂಡ. ಒಣಹಿಟ್ಟು ಗಂಟಲಿಗೆ ಹತ್ತಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಇನ್ನು ನನ್ನನ್ನು ಜೈಲಿಗೆ ಹಾಕುತ್ತಾರೆ ಎಂದುಕೊಂಡೆ. ಅವನು ನಗುತ್ತಾ ಡಬ್ಬಿ ಮುಚ್ಚಿ ಕೊಟ್ಟ.

ಜರ್ಮನಿ ದಾಟುವ ಹೊತ್ತಿಗೆ ರೈಲು ಸಮುದ್ರದ ದಡಕ್ಕೆ ಬಂತು. ಇಲ್ಲಿ ಇಳಿದು ದೋಣಿ ಹತ್ತಬೇಕೇನೋ ಎಂದು ಟ್ರಂಕು ಇಳಿಸಿಕೊಂಡು ಬಾಗಿಲಲ್ಲಿ ನಿಂತೆ. ಯಾರೂ ಏಳಲಿಲ್ಲ. ರೈಲು ಮೆಲ್ಲಗೆ ಮುಂದಕ್ಕೆ ಹೋಯಿತು. ಹೊರಗೆ ಕತ್ತಲಾಯಿತು, ಸುತ್ತ ಕಬ್ಬಿಣದ ಗೋಡೆಗಳು ಬಂದವು. ಸ್ವಲ್ಪ ಹೊತ್ತಿಗೆ ಕಾಲ ಕೆಳಗೆ ನನಗೆ ಚೆನ್ನಾಗಿ ಪರಿಚಯವಿದ್ದ ಆ ತೂಗಾಟ ಶುರುವಾಯಿತು. ಇಡೀ ರೈಲನ್ನೇ ಹಡಗಿನ ಹೊಟ್ಟೆಗೆ ಹಾಕಿಕೊಂಡು ಹೊರಟಿದ್ದರು! ಚಿಕ್ಕಬಳ್ಳಾಪುರದ ಪುಟ್ಟ ರೈಲು ಏರು ಹತ್ತಲಾರದೆ ಏದುಸಿರು ಬಿಡುವುದನ್ನು ನೋಡಿ ಬೆಳೆದವನು ನಾನು. ಎದುರಿಗೆ ಕೂತಿದ್ದ ಮುದುಕಿ ಸ್ವೆಟರು ಹೆಣೆಯುತ್ತಿದ್ದಳು, ತಲೆ ಸಹ ಎತ್ತಲಿಲ್ಲ. ಅವಳಿಗೆ ಅದು ದಿನದ ಮಾತು.

ಹೊದಿಕೆಯ ಮೇಲೆ ಮಲಗಿದ್ದು

ಸ್ಟೇಷನ್ನಿಗೆ ಬಂದು ನನ್ನನ್ನು ಕರೆದುಕೊಂಡು ಹೋದವರು ನಾನು ಸೇರಬೇಕಿದ್ದ ಶಾಲೆಯ ಮುಖ್ಯಸ್ಥರು, ಯೆನ್ಸ್ ಎಂದು ಅವರ ಹೆಸರು. ನಾವು ಕಾಲೇಜು ಎನ್ನುವುದನ್ನು ಅಲ್ಲಿ ಶಾಲೆ ಎಂದೇ ಕರೆಯುತ್ತಾರೆ. ಆರಡಿ ಎತ್ತರ, ಕೆಂಪು ಮೂಗು, ಹಳೆಯ ಕೋಟು. ನನ್ನ ಟ್ರಂಕನ್ನು ತಮ್ಮ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ, ಇಂಗ್ಲಿಷಿನಲ್ಲಿ ಮಾತಾಡುತ್ತಾ ಎರಡು ಮೈಲಿ ತಳ್ಳಿಕೊಂಡು ನಡೆದರು. ಅವರನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಿದ್ದರು. ನನ್ನ ನಾಲಿಗೆ ಐದು ತಿಂಗಳಾದರೂ 'ಸರ್' ಬಿಟ್ಟು ಬೇರೆ ಹೇಳಲಿಲ್ಲ.

ನನ್ನ ಕೋಣೆಯ ಮಂಚದ ಮೇಲೆ ಒಂದು ಗೇಣು ದಪ್ಪನೆಯ ಬಿಳಿ ಹಾಸಿಗೆ ಇತ್ತು, ಗರಿ ತುಂಬಿದ್ದು. ಕೂತರೆ ಸೊಂಟದವರೆಗೆ ಇಳಿದುಹೋಗುತ್ತಿದ್ದೆ. ಎಂಥ ಮೆತ್ತನೆಯ ಹಾಸಿಗೆ ಎಂದು ಅದರ ಮೇಲೆ ಮಲಗಿ ನಮ್ಮ ಊರಿನ ಕಂಬಳಿ ಹೊದ್ದುಕೊಂಡೆ. ಮೂರು ದಿನ ಹಲ್ಲು ಕಟಕಟ ಕಡಿದುಕೊಂಡು ಮಲಗಿದ ಮೇಲೆ, ಕೋಣೆ ಗುಡಿಸಲು ಬಂದವಳೊಬ್ಬಳು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, ನಾನು ಹಾಸಿಕೊಂಡಿದ್ದನ್ನು ಎತ್ತಿ ನನ್ನ ಮೈಮೇಲೆ ಹಾಕಿ ತೋರಿಸಿದಳು. ಅದು ಹೊದಿಕೆ. ಆಮೇಲೆ ಬೆವರಿದೆ.

ಬೆಳಿಗ್ಗೆ ಎಲ್ಲರೂ ಸೇರಿ ಹಾಡುತ್ತಾರೆ. ವಿದ್ಯಾರ್ಥಿಗಳು, ಪಾಠ ಹೇಳುವವರು, ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು, ತೋಟದವನು, ಎಲ್ಲರ ಕೈಯಲ್ಲೂ ಒಂದೊಂದು ಹಾಡಿನ ಪುಸ್ತಕ. ಹೊರಗೆ ಇನ್ನೂ ಬೆಳಕು ಹರಿದಿರುವುದಿಲ್ಲ. ಮೇಣದ ಬತ್ತಿ ಹಚ್ಚಿಟ್ಟು ನೂರು ಜನ ಒಂದೇ ದನಿಯಲ್ಲಿ ಹಾಡುವಾಗ ಒಂದಕ್ಷರ ತಿಳಿಯದ ನಾನೂ ಪುಸ್ತಕ ಹಿಡಿದು ಬಾಯಿ ಆಡಿಸುತ್ತಿದ್ದೆ. ಆಮೇಲೆ ಕಪ್ಪು ಬ್ರೆಡ್ಡು. ಬಣ್ಣ ನೋಡಿ ರಾಗಿಯದೇ ಎಂದು ಸಂತೋಷಪಟ್ಟು ದೊಡ್ಡ ತುತ್ತು ಕಚ್ಚಿದೆ, ಹುಳಿ ನೆತ್ತಿಗೇರಿತು.

ಊಟ ಮುಗಿಸಿ ಏಳುವಾಗ ಪ್ರತಿಯೊಬ್ಬರೂ ಅಡುಗೆಯವರ ಕಡೆ ತಿರುಗಿ, ಊಟಕ್ಕೆ ವಂದನೆ ಎಂದು ಹೇಳುತ್ತಾರೆ. ಮೂರು ಹೊತ್ತೂ ಹೇಳುತ್ತಾರೆ. ಅಡುಗೆಯವಳ ಹೆಸರು ಇಂಗರ್. ಐವತ್ತರ ಹೆಂಗಸು, ಗಟ್ಟಿಗಿತ್ತಿ, ಹುಡುಗಿಯಾಗಿದ್ದಾಗ ಇಂಗ್ಲೆಂಡಿನಲ್ಲಿ ಮನೆಗೆಲಸ ಮಾಡಿದ್ದವಳು. ಅವಳ ಇಂಗ್ಲಿಷಿಗೆ ನನ್ನದಕ್ಕಿಂತ ಧೈರ್ಯ ಹೆಚ್ಚು. ನಾನು ಹುಟ್ಟಿದಾಗಿನಿಂದ ಊಟ ಮಾಡಿ ಯಾರಿಗೂ ವಂದನೆ ಹೇಳಿದವನಲ್ಲ. ಮೊದಲ ದಿನ ಹೇಳುವಾಗ ನಾಚಿಕೆಯಿಂದ ದನಿಯೇ ಹೊರಡಲಿಲ್ಲ.

ಹಲಗೆಯ ಮೇಲೆ ನನ್ನ ಹೆಸರು

ಊಟದ ಹಾಲಿನ ಬಾಗಿಲಲ್ಲಿ ಒಂದು ಕಪ್ಪು ಹಲಗೆ. ನಾಲ್ಕನೆಯ ದಿನ ಅದರಲ್ಲಿ 'ಮುನಿ' ಎಂದು ಬರೆದಿತ್ತು. ಮುನಿಶಾಮಪ್ಪ ಎನ್ನಲು ಅವರಿಗೆ ಬಾಯಿ ತಿರುಗದೆ ನನ್ನನ್ನು ಋಷಿ ಮಾಡಿಬಿಟ್ಟಿದ್ದರು. ಯಾವ ವಿಷಯದ ಮೇಲೆ ನನ್ನ ಭಾಷಣ ಇಟ್ಟಿದ್ದಾರೋ ಎಂದು ಹಿಗ್ಗಿನಿಂದ ಒಬ್ಬನನ್ನು ಕೇಳಿದೆ. ಅವನು ಕೈಯಲ್ಲಿ ತಟ್ಟೆ ಉಜ್ಜಿ ತೋರಿಸಿದ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನು ಬೋಧಕ. ಸರ್ಕಾರದ ಕಾಗದ ಹಿಡಿದುಕೊಂಡು ಬಂದವನು. ಮನೆಯಲ್ಲಿ ಉಂಡ ತಟ್ಟೆಯನ್ನು ಎತ್ತಿ ಅತ್ತ ಇಟ್ಟವನಲ್ಲ. ಮುಖ್ಯಸ್ಥರಿಗೇ ಒಂದು ಮನವಿ ಬರೆದುಕೊಡೋಣ ಎಂದು ಕಾಗದ ತೆಗೆದು, 'ತಮ್ಮ ಸನ್ನಿಧಾನಕ್ಕೆ' ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು ಎಂದು ಯೋಚಿಸುತ್ತಾ ಮತ್ತೆ ಹಲಗೆ ನೋಡಿದೆ. ನನ್ನ ಹೆಸರಿನ ಕೆಳಗೇ 'ಯೆನ್ಸ್' ಎಂದಿತ್ತು.

ಅವರು ಅಂಗಿಯ ತೋಳು ಮಡಿಸಿಕೊಂಡು ತೊಳೆದರು, ನಾನು ಒರೆಸಿದೆ. ಎರಡು ತಟ್ಟೆ ಒಡೆದೆ. ಮುಖ್ಯಸ್ಥರು ಸೋಪಿನ ನೊರೆ ಮೆತ್ತಿದ ಕೈಯಲ್ಲೇ ಚೂರುಗಳನ್ನು ಆರಿಸುತ್ತಾ, "ಮೊದಲ ವರ್ಷ ನಾನು ಏಳು ಒಡೆದಿದ್ದೆ, ಇಂಗರ್ ಲೆಕ್ಕ ಇಟ್ಟಿದ್ದಾಳೆ" ಎಂದರು. ನಮ್ಮ ಪ್ರಿನ್ಸಿಪಾಲರು ಹೀಗೆ ಪಾತ್ರೆ ಉಜ್ಜುವುದನ್ನು ಊಹಿಸಿಕೊಳ್ಳಲು ನೋಡಿದೆ. ಎಷ್ಟು ನೋಡಿದರೂ ಪೇಟದಿಂದ ಕೆಳಗೆ ಚಿತ್ರ ಮೂಡಲಿಲ್ಲ.

ಬುಧವಾರ ಮಧ್ಯಾಹ್ನ

ಬುಧವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಇಂಗರ್ ಇರಲಿಲ್ಲ. ಪಾಠದ ಕೋಣೆಗೆ ಹೋದರೆ ಮೊದಲ ಸಾಲಿನಲ್ಲಿ ಕೂತಿದ್ದಳು. ಏಪ್ರನ್ ಇಲ್ಲ. ತಲೆ ಬಾಚಿ, ಬೂಟು ಹೊಳೆಯಿಸಿಕೊಂಡು, ತೊಡೆಯ ಮೇಲೆ ನೋಟು ಪುಸ್ತಕ ಇಟ್ಟುಕೊಂಡಿದ್ದಳು. ಪಕ್ಕದಲ್ಲಿ ಬಾಯ್ಲರಿನವನು, ಅವನ ಪಕ್ಕ ಕೋಣೆ ಗುಡಿಸುವವಳು. ಚರಿತ್ರೆಯ ಪಾಠ ನಡೆಯುತ್ತಿತ್ತು. ನಡುವೆ ಇಂಗರ್ ಎದ್ದು ಏನೋ ಕೇಳಿದಳು. ಪಾಠ ಹೇಳುತ್ತಿದ್ದವರು ಸ್ವಲ್ಪ ಯೋಚಿಸಿ, ಹಲಗೆಯ ಮೇಲೆ ಬರೆದಿದ್ದನ್ನು ಅಳಿಸಿ ಬೇರೆ ಬರೆದರು.

ಅವತ್ತು ಆಲೂಗಡ್ಡೆ ಸುಲಿಯುವ ಸರದಿ ನನ್ನದೂ ಮುಖ್ಯಸ್ಥರದೂ. ಇದೇನು ಸರ್, ಅಡುಗೆಯವರು ಪಾಠಕ್ಕೆ, ತಾವು ಆಲೂಗಡ್ಡೆಗೆ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಇಲ್ಲಿ ಕೆಲಸ ಮಾಡುವವರಿಗೆ ಇಲ್ಲಿ ಕಲಿಯುವ ಹಕ್ಕಿಲ್ಲದಿದ್ದರೆ ಇದು ಯಾವ ಶಾಲೆ ಎಂದರು. ಬೇಸಿಗೆಯಲ್ಲಿ ಇಂಗರಳನ್ನು ಎರಡು ವಾರ ಬೇರೊಂದು ಶಾಲೆಗೆ ಕಳಿಸುತ್ತಾರಂತೆ. ಬಾಯ್ಲರಿನವನು ನಕ್ಷತ್ರಗಳ ವಿಷಯ ಓದುತ್ತಿದ್ದಾನಂತೆ. ಅದರಿಂದ ಬಾಯ್ಲರಿಗೆ ಏನು ಉಪಯೋಗ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಆಮೇಲೆ ಅವರು ಸಹಜವಾಗಿ ಕೇಳಿದರು. "ನಿಮ್ಮ ಕಾಲೇಜಿನ ಅಡುಗೆಯವರು ಯಾವ ಪಾಠಕ್ಕೆ ಬರುತ್ತಾರೆ?"

ನಮ್ಮ ಕಾಲೇಜಿನಲ್ಲಿ ಅಡುಗೆ ಮಾಡುವವರು ಗಂಗಮ್ಮ, ಮೇಲೂರಿನವರು. ಕಾಲೇಜು ತೆರೆದ ದಿನದಿಂದ, ನನಗಿಂತಲೂ ಮೊದಲಿಂದ, ಒಂಬತ್ತು ವರ್ಷ ಅಲ್ಲಿ ಒಲೆ ಉರಿಸಿದ್ದಾರೆ. ಪಾಠದ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಈ ಕಡೆಗೆ ಆಕೆ ಬಂದದ್ದು ಕಾಫಿ ಕೊಡಲು ಮಾತ್ರ. ಇದೆಲ್ಲ ಕಣ್ಣ ಮುಂದೆ ಬಂತು. ನನ್ನ ದೇಶದ ಮಾನ ಹೋಗಬಾರದು ಎನಿಸಿತು, ನನ್ನ ಮಾನವೂ.

"ಚರಿತ್ರೆ" ಎಂದುಬಿಟ್ಟೆ.

"ಹಾಗಾದರೆ ಇಂಗರಳಿಗೆ ಹೇಳಬೇಕು, ಸಂತೋಷಪಡುತ್ತಾಳೆ" ಎಂದು ಅವರು ಇನ್ನೊಂದು ಆಲೂಗಡ್ಡೆ ತೆಗೆದುಕೊಂಡರು. ಆ ಸಂಜೆ ಇಂಗರ್ ಗಂಗಮ್ಮನ ಹೆಸರು ಕೇಳಿ ತಿಳಿದುಕೊಂಡಳು. ಅಂದಿನಿಂದ ವಾರಕ್ಕೊಮ್ಮೆ "ನಿನ್ನ ಗಂಗಮ್ಮ ಈಗ ಯಾವ ರಾಜನ ಕಾಲಕ್ಕೆ ಬಂದಿರಬಹುದು?" ಎಂದು ಕೇಳುವಳು. ಕೇಳಿದಾಗಲೆಲ್ಲ ನಾನು ಒಂದೊಂದು ರಾಜನ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಆಕಾಶ ಪರ್ವತ

ಒಂದು ಭಾನುವಾರ ತಮ್ಮ ದೇಶದ ಹೆಸರುವಾಸಿ ಬೆಟ್ಟ ತೋರಿಸುತ್ತೇವೆ ಎಂದು ಕರೆದುಕೊಂಡು ಹೋದರು. ಅದರ ಹೆಸರಿಗೆ ಆಕಾಶ ಪರ್ವತ ಎಂದು ಅರ್ಥವಂತೆ. ಹತ್ತುವುದಕ್ಕೆ ಸಿದ್ಧನಾಗಿ ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡಿದ್ದೆ. ಮಾತಾಡುತ್ತಾ ನಡೆಯುತ್ತಿದ್ದಂತೆ ಎಲ್ಲರೂ ನಿಂತರು. ಬೆಟ್ಟ ಎಲ್ಲಿ ಎಂದೆ. ನೀನು ನಿಂತಿರುವುದೇ ಎಂದರು. ನಂದಿಬೆಟ್ಟವನ್ನು ದಿನಾ ಬೆಳಿಗ್ಗೆ ನೋಡಿಕೊಂಡು ಹಲ್ಲುಜ್ಜುವವನು ನಾನು. ನಮ್ಮ ಕಡೆ ಇದಕ್ಕಿಂತ ಎತ್ತರದ ಗುಡ್ಡಕ್ಕೆ ಹೆಸರೇ ಇಲ್ಲ, ಅಲ್ಲಿ ಕುರಿ ಮೇಯಿಸುತ್ತಾರೆ ಎಂದು ಹೇಳಿಬಿಟ್ಟೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ನಕ್ಕರು.

ಇಳಿಯುವಾಗ ಕೆಳಗಿನ ಹಳ್ಳಿಗಳನ್ನು ನೋಡಿದೆ. ಪ್ರತಿ ಮನೆಯ ಮುಂದೂ ಹಾಲಿನ ಕ್ಯಾನುಗಳು. ಎರಡು ಹಸು ಇದ್ದವನೂ ಇಪ್ಪತ್ತು ಹಸು ಇದ್ದವನೂ ಒಂದೇ ಸಂಘಕ್ಕೆ ಹಾಲು ಹಾಕುತ್ತಾರೆ, ಇಬ್ಬರಿಗೂ ಒಂದೊಂದೇ ಓಟು. ಮರಳುಭೂಮಿಯಂಥ ನೆಲವನ್ನು ಈ ಜನ ಹೀಗೆ ಹಸಿರು ಮಾಡಿಕೊಂಡಿದ್ದಾರೆ. ಬೆಟ್ಟದ ವಿಷಯದಲ್ಲಿ ಬಡಾಯಿ ಕೊಚ್ಚಿದ ನನ್ನ ಬಾಯಿ ತಾನಾಗಿ ಮುಚ್ಚಿತು.

ಇಂಗರ್ ಹಿಡಿದ ತಪ್ಪು

ಇಷ್ಟೆಲ್ಲದರ ನಡುವೆ ನಾನು ನನ್ನ ಕೆಲಸ ಮರೆತಿರಲಿಲ್ಲ. ಪಾಠಗಳು ಅವರ ಭಾಷೆಯಲ್ಲಿ. ಮುಖ್ಯಸ್ಥರು ಪ್ರತಿ ವಾರ ಅದರ ಸಾರವನ್ನು ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದರು. ನಾನು ಅದನ್ನು ಉರು ಹೊಡೆಯುತ್ತಿದ್ದೆ. ಹಿಮದ ಮೇಲೆ ಅಡ್ಡಾಡುತ್ತಾ ಉರು ಹೊಡೆದೆ, ಹಲ್ಲುಜ್ಜುತ್ತಾ ಉರು ಹೊಡೆದೆ. ಕೇಳಬಹುದಾದ ಪ್ರಶ್ನೆಗಳ ಪಟ್ಟಿ ಮಾಡಿ, ಮುಖ್ಯವಾದವಕ್ಕೆ ಕೆಂಪು ಗೆರೆ ಎಳೆದೆ. ಜನವರಿಯ ಹೊತ್ತಿಗೆ ಅರವತ್ತು ಪುಟ ಬಾಯಿಪಾಠವಾಗಿತ್ತು. ಒಪ್ಪಿಸಲು ಯಾರಾದರೂ ಬೇಕಿತ್ತು. ಇಂಗರ್ ಹಿಟ್ಟು ನಾದುತ್ತಿದ್ದಳು. ಕೇಳಮ್ಮ ಎಂದು ಕಾಗದ ಅವಳ ಮುಂದಿಟ್ಟು, ಕೈಕಟ್ಟಿ ನಿಂತು, ಡೆನ್ಮಾರ್ಕಿನ ರೈತರ ಬಿಡುಗಡೆ ಎಂಬ ಅಧ್ಯಾಯವನ್ನು ಉಸಿರು ತೆಗೆಯದೆ ಹೇಳತೊಡಗಿದೆ. ಜಮೀನ್ದಾರರ ಊರು ಬಿಟ್ಟು ಹೋಗಕೂಡದು ಎಂಬ ಕಟ್ಟಿನಿಂದ ದಯಾಳುವಾದ ಅರಸನು ರೈತರನ್ನು ಬಿಡಿಸಿದನು, ಎಂದು.

"ನಿಲ್ಲು" ಎಂದಳು ಇಂಗರ್. "ದಯಾಳು ಅನ್ನೋದು ಈ ಕಾಗದದಲ್ಲಿ ಎಲ್ಲಿದೆ?"

ನೋಡಿದೆ. ಇರಲಿಲ್ಲ. ಅರಸರ ಹೆಸರು ಬಂದಾಗ ದಯಾಳು ಎಂದು ಸೇರಿಸುವುದು ನನಗೆ ಅಭ್ಯಾಸ.

"ನಮ್ಮ ಮುತ್ತಜ್ಜಿಯ ತಾತನ ಕಾಲದವರು ಎಷ್ಟು ವರ್ಷ ಕೇಳಿದರು, ಎಷ್ಟು ಜನ ಓಡಿಹೋಗಿ ಸಿಕ್ಕಿಬಿದ್ದರು, ನಿನಗೆ ಗೊತ್ತೇ? ಯಾರೂ ಕೇಳದೆ ಅವನಾಗಿ ಕೊಟ್ಟನೇ?" ಹಿಟ್ಟಿನ ಕೈಯಲ್ಲೇ ಅವಳು ಅರ್ಧ ಗಂಟೆ ಪಾಠ ಹೇಳಿದಳು. ಅರವತ್ತು ಪುಟದಲ್ಲಿ ನನಗೆ ತಿಳಿಯದ್ದು ಆ ಅರ್ಧ ಗಂಟೆಯಲ್ಲಿ ತಿಳಿಯಿತು. ಕೊನೆಗೆ, ಇಷ್ಟು ಕಷ್ಟಪಟ್ಟು ಯಾಕೆ ಬಾಯಿಪಾಠ ಮಾಡುತ್ತೀಯಾ ಎಂದು ಕೇಳಿದಳು.

ಪರೀಕ್ಷೆಗೆ ಎಂದೆ.

"ಯಾವ ಪರೀಕ್ಷೆ? ಇಲ್ಲಿ ಪರೀಕ್ಷೆ ಇಲ್ಲವಲ್ಲ."

ನಾನು ಓಡಿದೆ ಎಂದರೂ ತಪ್ಪಿಲ್ಲ. ಮುಖ್ಯಸ್ಥರು ಬಾಗಿಲ ಮುಂದಿನ ಹಿಮ ತೆಗೆಯುತ್ತಿದ್ದರು. ಹೌದು, ಪರೀಕ್ಷೆ ಇಲ್ಲ ಎಂದರು. ಸರ್ಟಿಫಿಕೇಟು? ಅದೂ ಇಲ್ಲ. ಈ ಶಾಲೆ ಶುರುವಾದಾಗಿನಿಂದ ಒಬ್ಬರಿಗೂ ಕೊಟ್ಟಿಲ್ಲ. ಕಾಗದಕ್ಕಾಗಿ ಬರುವವರು ಬೇಡ, ಕಲಿಯಲು ಬರುವವರು ಬರಲಿ ಎಂದು ಕಟ್ಟಿದವರೇ ಹೇಳಿಹೋಗಿದ್ದಾರೆ. ಇದನ್ನು ಅವರು ಬಹಳ ಹೆಮ್ಮೆಯಿಂದ ಹೇಳಿದರು. ನಾನು ಹಿಮದ ಮೇಲೇ ಕೂತುಬಿಟ್ಟೆ.

ನಮ್ಮ ಪ್ರಿನ್ಸಿಪಾಲರಿಗೆ ಕಾಗದ ಬರೆದೆ. ಉತ್ತರ ಬರುವಷ್ಟರಲ್ಲಿ ಹಿಮ ಕರಗತೊಡಗಿತ್ತು. ಎರಡೇ ಸಾಲು. ಆದೇಶದಲ್ಲಿ ಪ್ರಮಾಣಪತ್ರ ಎಂದಿದೆ, ನಿಯಮ ನಿಯಮವೇ, ಹೇಗಾದರೂ ಪಡೆದು ತರತಕ್ಕದ್ದು.

ಕೊನೆಯ ವಾರ

ನಾನು ಮುಖ್ಯಸ್ಥರ ಎದುರು ಕೂತು ಎಲ್ಲವನ್ನೂ ಹೇಳಿಕೊಂಡೆ. ಎಂಟು ವರ್ಷ, ಪ್ರತಿ ಮಾರ್ಚಿ, ಗೌರಿಬಿದನೂರು ಸ್ಟೇಷನ್ನಿನಲ್ಲಿ ನಿಂತಿದ್ದ ನನ್ನ ಹೆಂಡತಿ. ಹೇಳುತ್ತಾ ಅತ್ತುಬಿಟ್ಟೆ. ಅವರಿಗೆ ಬಹಳ ಕಷ್ಟವಾಯಿತು. ಎದ್ದು ಕಿಟಕಿಯ ಬಳಿ ನಿಂತರು, ಬಂದು ಕೂತರು, ಮತ್ತೆ ಎದ್ದರು.

"ಸರ್ಟಿಫಿಕೇಟು ಕೊಡಲಾರೆ. ಆದರೆ ನೀವು ಇಲ್ಲಿ ಏನು ಕಲಿತಿರಿ ಎಂದು ನೀವೇ ಬರೆಯಿರಿ. ಅದು ನಿಜವಾಗಿದ್ದರೆ ಸಾಕ್ಷಿಯಾಗಿ ನಾನು ರುಜು ಹಾಕುತ್ತೇನೆ."

ನನಗೆ ಹೋದ ಜೀವ ಬಂದಂತಾಯಿತು. ಆಫೀಸಿನ ಟೈಪ್‌ರೈಟರಿನ ಮುಂದೆ ಕೂತು ಭರ್ಜರಿಯಾಗಿ ಹೊಡೆದೆ. ಈ ಮೂಲಕ ದೃಢೀಕರಿಸುವುದೇನೆಂದರೆ, ಶ್ರೀ ಮುನಿಶಾಮಪ್ಪನವರು ಚರಿತ್ರೆ, ಸಹಕಾರ ಮತ್ತು ವಯಸ್ಕರ ಶಿಕ್ಷಣದಲ್ಲಿ ಉನ್ನತ ತರಬೇತಿಯನ್ನು ಅತ್ಯುತ್ತಮವಾಗಿ ಪೂರೈಸಿರುತ್ತಾರೆ. ಇಂಥ ಭಾಷೆ ನನಗೆ ನೀರು ಕುಡಿದಷ್ಟು ಸುಲಭ.

ಮುಖ್ಯಸ್ಥರು ಓದಿದರು. ಸಿಟ್ಟಾಗಲಿಲ್ಲ. ಮಗುವನ್ನು ಕೇಳುವಂತೆ ಕೇಳಿದರು. "ಚರಿತ್ರೆ ಯಾರಿಂದ ಕಲಿತಿರಿ?"

"ಇಂಗರಳಿಂದ."

"ಇದರಲ್ಲಿ ಅವಳ ಹೆಸರಿಲ್ಲವಲ್ಲ. ವಯಸ್ಕರ ಶಿಕ್ಷಣದ ಬಗ್ಗೆ ಹೊಸದಾಗಿ ಏನು ತಿಳಿಯಿತು?"

ಉತ್ತರ ನನಗೆ ಗೊತ್ತಿತ್ತು. ಅದನ್ನು ಹೇಳಬೇಕಾದರೆ ಆಲೂಗಡ್ಡೆ ಸುಲಿಯುವಾಗ ಹೇಳಿದ ಸುಳ್ಳನ್ನೂ ಹೇಳಬೇಕು. ಹೇಳಿದರೆ ಈ ಮನುಷ್ಯ ನನ್ನನ್ನು ಏನೆಂದು ತಿಳಿದಾನು, ಊರಿನಲ್ಲಿ ಕಾಲೇಜು ನಡೆಸುವ ಕಮಿಟಿಯವರು ಏನೆಂದಾರು? ಕಾಗದ ವಾಪಸು ತೆಗೆದುಕೊಂಡು ಬಂದೆ. ಎರಡು ದಿನ ಊಟ ರುಚಿಸಲಿಲ್ಲ. ಎಂದಿನಂತೆ ಇಂಗರ್, ಗಂಗಮ್ಮ ಈಗ ಎಲ್ಲಿಗೆ ಬಂದಿರಬಹುದು ಎಂದು ಕೇಳಿದಳು. ಈ ಸಲ ನನಗೆ ಯಾವ ರಾಜನ ಹೆಸರೂ ಬಾಯಿಗೆ ಬರಲಿಲ್ಲ. ಅಡುಗೆಮನೆಯ ಮೇಜಿನ ಮೇಲೇ ಪೆನ್ನು ತೆಗೆದು ಬೇರೆ ಕಾಗದ ಬರೆದೆ. ಆ ಸುಳ್ಳನ್ನೂ ಬರೆದೆ. ಅಷ್ಟು ಚಿಕ್ಕ ಬರಹಕ್ಕೆ ನಾನು ಯಾವತ್ತೂ ಅಷ್ಟು ಹೊತ್ತು ತೆಗೆದುಕೊಂಡದ್ದಿಲ್ಲ.

ಮುಖ್ಯಸ್ಥರು ಎರಡು ಸಲ ಓದಿದರು. ಆಮೇಲೆ ರುಜು ಹಾಕಿ, ತಟ್ಟೆ ತೊಳೆಯುವುದನ್ನು ಕಲಿತದ್ದಕ್ಕೆ ಇಂಗರಳ ಸಾಕ್ಷಿಯೂ ಬೇಕು ಎಂದು ಅವಳ ಮುಂದಿಟ್ಟರು. ಅವಳು ಕೈ ಒರೆಸಿಕೊಂಡು ಓದಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಪ್ಪ ಅಕ್ಷರದಲ್ಲಿ ತನ್ನ ಹೆಸರು ಬರೆದು, "ಈಗ ನೀನು ಮನೆಗೆ ಹೋಗಬಹುದು" ಎಂದಳು.

ಚಿಕ್ಕಬಳ್ಳಾಪುರ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಕೆಲಸ ಕಾಯಂ ಆಗಲಿಲ್ಲ. ಇದು ಪ್ರಮಾಣಪತ್ರವೆಂದು ಪರಿಗಣಿಸಲು ಬರುವುದಿಲ್ಲ ಎಂದು ಬರೆದು ಕಡತ ಮುಚ್ಚಿದರು. ನನ್ನ ಹೆಂಡತಿ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ತೆಲುಗಿನಲ್ಲಿ ಮಾತಾಡಿದಳು. ಈಗಲೂ ನಾನು ತಾತ್ಕಾಲಿಕ. ಆ ಸುಳ್ಳು ಸರ್ಟಿಫಿಕೇಟಿಗೆ ರುಜು ಬಿದ್ದಿದ್ದರೆ ಎಂದು ಮಾರ್ಚಿ ತಿಂಗಳಲ್ಲಿ ಒಂದೊಂದು ಸಲ ಅನಿಸುವುದುಂಟು. ಇಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಆ ಕಾಗದ ಓದಿದ ದಿನದ್ದು ಹೇಳುತ್ತೇನೆ. ಕಮಿಟಿಯ ಸಭೆ ಕಾಲೇಜಿನ ಪಾಠದ ಕೋಣೆಯಲ್ಲೇ ನಡೆಯಿತು. ಅಧ್ಯಕ್ಷರು ದೊಡ್ಡ ಜಮೀನುದಾರರು, ಒಳ್ಳೆಯವರು, ಇಂಗ್ಲಿಷು ಬಾರದು. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಸೀಲ್ ಎಲ್ಲಪ್ಪ ಮುನಿ‌ಶಾಮಪ್ಪ? ಈ ಎರಡ್ನೇ ರುಜು ಯಾರ್ದು?"

"ಅಲ್ಲಿನ ಅಡುಗೆಯವರದು, ಸ್ವಾಮಿ."

ಎಲ್ಲರೂ ನಕ್ಕರು. ಅಧ್ಯಕ್ಷರು ಕಾಗದವನ್ನು ಪ್ರಿನ್ಸಿಪಾಲರ ಕೈಗೆ ಕೊಟ್ಟರು. "ಕನ್ನಡದಲ್ಲಿ ಹೇಳಿ ಸ್ವಾಮಿ, ಎಲ್ರಿಗೂ ತಿಳೀಲಿ."

ಪ್ರಿನ್ಸಿಪಾಲರು ಕನ್ನಡಕ ಏರಿಸಿ, ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದಿದರು. "ಮುನಿಶಾಮಪ್ಪ ಎಂಬ ನಾನು ಐದು ತಿಂಗಳು ಈ ಶಾಲೆಯಲ್ಲಿದ್ದೆ. ಇಲ್ಲಿ ಪರೀಕ್ಷೆ ಇಲ್ಲ, ಆದ್ದರಿಂದ ಯಾವುದರಲ್ಲೂ ಪಾಸಾಗಿಲ್ಲ. ಹಾಲಿನ ಸಹಕಾರ ಸಂಘ ನಡೆಯುವ ಬಗೆಯನ್ನು ನೋಡಿ ತಿಳಿದಿದ್ದೇನೆ. ಇನ್ನೊಬ್ಬರಿಗೆ ಹೇಳಿಕೊಡಬಲ್ಲೆ. ಚರಿತ್ರೆಯನ್ನು ಅಡುಗೆಯ ಇಂಗರ್ ಅವರಿಂದ ಕಲಿತೆ. ತಟ್ಟೆ ತೊಳೆಯುವುದನ್ನು ಕಲಿತೆ."

"ತಟ್ಟೆ ತೊಳ್ಯಕ್ಕೆ ಅಷ್ಟು ದೂರ ಹೋಗಿದ್ಯೇನಪ್ಪ?" ಎಂದರು ಅಧ್ಯಕ್ಷರು. ಮತ್ತೆ ನಗು. ಆ ನಗುವಿನ ಮಧ್ಯೆ ಗಂಗಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದುಕೊಂಡು ಒಳಗೆ ಬಂದರು. ಇನ್ನು ಮುಂದಿನದು ಓದಬೇಡಿ ಎನ್ನಬೇಕೆಂದುಕೊಂಡೆ. ಪ್ರಿನ್ಸಿಪಾಲರು ಆಗಲೇ ಓದುತ್ತಿದ್ದರು.

"ನಮ್ಮ ಕಾಲೇಜಿನ ಅಡುಗೆಯವರು ಪಾಠಕ್ಕೆ ಬರುತ್ತಾರೆ ಎಂದು ಇಲ್ಲಿ ನಾನು ಸುಳ್ಳು ಹೇಳಿದ್ದೆ. ಅಲ್ಲಿ ಗಂಗಮ್ಮ ಎಂಬವರು ಒಂಬತ್ತು ವರ್ಷದಿಂದ..."

ಅವರ ದನಿ ಸಣ್ಣದಾಯಿತು. ಆದರೂ ಶಿಸ್ತಿನ ಮನುಷ್ಯ, ಹಿಡಿದ ಕಾಗದವನ್ನು ಅರ್ಧಕ್ಕೆ ಬಿಡುವವರಲ್ಲ.

"...ಒಂಬತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದಾರೆ. ಅವರನ್ನು ಒಂದು ದಿನವೂ ನಾವು ಯಾರೂ ಪಾಠಕ್ಕೆ ಕರೆದಿಲ್ಲ. ಕರೆಯಬೇಕಾಗಿತ್ತು ಎಂಬುದು ನನಗೆ ಇಲ್ಲಿಗೆ ಬಂದ ಮೇಲೆ ತಿಳಿಯಿತು."

ಗಂಗಮ್ಮ ಕಾಫಿ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಸೆರಗಿನಲ್ಲಿ ಕೈ ಒರೆಸಿಕೊಂಡರು. ನನ್ನ ಕಡೆ ತಿರುಗಿದರು.

"ಅಲ್ಲ ಮೇಷ್ಟ್ರೇ, ಇದನ್ನ್ ತಿಳ್ಕೊಳಕ್ಕೆ ಅಷ್ಟು ದೂರ ಹೋಗ್ಬೇಕಾಗಿತ್ತಾ? ನನ್ ಒಂದ್ ಮಾತು ಕೇಳಿದ್ರೆ ಇಲ್ಲೇ ಹೇಳ್ತಿರ್ಲಿಲ್ವಾ?"

ಬಾಗಿಲವರೆಗೆ ಹೋದವರು ನಿಂತರು.

"ಸರಿ, ಈಗ ಯಾವತ್ತಿಂದ ಬರ್ಲಿ ಹೇಳಿ. ಸಂತೆ ದಿನ ಮಾತ್ರ ಆಗಲ್ಲ."